ಅದೇ ಆರು ಉಡುಪು: ಒಮ್ಮೆ ಕೈಯಲ್ಲಿ, ಒಮ್ಮೆ ಟ್ಯಾಬ್‌ನಲ್ಲಿ

ಮೊದಲ ಫ್ಯಾಷನ್ ಪೋರ್ಟ್‌ಫೋಲಿಯೋ, ಅಂದರೆ ನನ್ನ ವಿನ್ಯಾಸಗಳನ್ನು ತೋರಿಸುವ ಫೈಲ್, ಮಾಡಲು ಕೂತಾಗ ನನಗೆ ಎರಡು ಸಲಹೆ ಸಿಕ್ಕವು. ಹೊಲಿಗೆ ಕಲಿಸಿದ ಮೇಡಂ, "ಕೈಯಲ್ಲೇ ಬಿಡಿಸಮ್ಮ, ಪಕ್ಕದಲ್ಲಿ ಬಟ್ಟೆ ಅಂಟಿಸು" ಅಂದರು. ಸೀನಿಯರ್ ಒಬ್ಬಳು, "ಈಗ ಯಾರೇ ಫೈಲ್ ಹೊತ್ಕೊಂಡು ಓಡಾಡ್ತಾರೆ? ಟ್ಯಾಬ್‌ನಲ್ಲಿ ಮಾಡಿ ಪಿಡಿಎಫ್ ಕಳಿಸು" ಅಂದಳು. ನಾನು ಎರಡನ್ನೂ ಮಾಡಿದೆ. ವಿಷಯ ಮಾತ್ರ ಒಂದೇ, ಗುಳೇದಗುಡ್ಡದ ಖಣದಲ್ಲಿ, ಅಂದರೆ ಅಲ್ಲಿ ನೇಯುವ ಕುಪ್ಪಸದ ಬಟ್ಟೆಯಲ್ಲಿ, ಆರು ಉಡುಪು.

ಶುರುವಿನಲ್ಲಿ ಟ್ಯಾಬ್ ಗೆದ್ದಿತು. ನಿಜವಾದ ಮೈ ಸುಮಾರು ಏಳೂವರೆ ತಲೆಯಷ್ಟು ಎತ್ತರ. ಫ್ಯಾಷನ್ ಚಿತ್ರದಲ್ಲಿ ಅದನ್ನು ಒಂಬತ್ತು ತಲೆಗೆ ಎಳೆಯುತ್ತೇವೆ. ಎ3 ಹಾಳೆಯಲ್ಲಿ ನಾನು ತಲೆಯನ್ನೇ ದೊಡ್ಡದು ಮಾಡಿಬಿಟ್ಟೆ, ಪಾದಕ್ಕೆ ಜಾಗವೇ ಉಳಿಯಲಿಲ್ಲ. ಟ್ಯಾಬ್‌ನಲ್ಲಾದರೆ ಎರಡು ಬೆರಳಲ್ಲಿ ಕುಗ್ಗಿಸಿದರೆ ಮುಗಿಯಿತು. ಫ್ಲಾಟ್ ಸ್ಕೆಚ್‌ಗಂತೂ (ಉಡುಪನ್ನು ಮೈಮೇಲಲ್ಲದೆ ಹರಡಿಟ್ಟಂತೆ ಬಿಡಿಸುವ ಚಿತ್ರ) ಕೈಕೆಲಸ ಅದರ ಹತ್ತಿರವೂ ಬರಲ್ಲ. ಅರ್ಧ ಕುಪ್ಪಸ ಬಿಡಿಸಿದರೆ ಇನ್ನರ್ಧ ತಾನೇ ಮೂಡುತ್ತದೆ. ನನ್ನ ಕೈಯಲ್ಲಿ ಎಡ ಭುಜ ಯಾವಾಗಲೂ ಇಳಿದೇ ಇರುತ್ತಿತ್ತು.

ತೊಂದರೆ ಆಮೇಲೆ ಬಂತು. ಸ್ಕ್ರೀನಿನ ಕಡುಗೆಂಪು ಪ್ರಿಂಟ್‌ನಲ್ಲಿ ಕಂದಾಯಿತು. ಸ್ಕ್ರೀನಿನ ಬಣ್ಣ ಬೆಳಕಿನದು, ಪ್ರಿಂಟಿನದು ಶಾಯಿಯದು, ಎರಡೂ ಒಂದೇ ಥರ ಬರುವುದಿಲ್ಲ. ಫೈಲೂ ಭಾರವಾಯಿತು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಎ3 ಪುಟ ಅಂದರೆ 3508 × 4961 ಪಿಕ್ಸೆಲ್. ಹದಿನೆಂಟು ಪುಟದ ಪಿಡಿಎಫ್ ಜಿಮೇಲ್‌ನ 25 ಎಂಬಿ ಮಿತಿ ದಾಟಿತು. ಮೇಲ್‌ಗೆ ಅಂತ 150 ಡಿಪಿಐನದು ಬೇರೆಯೇ ಮಾಡಿದೆ.

ಕೈಫೈಲಿನ ಗೋಳು ಬೇರೆ. ಗಮ್ ಹಚ್ಚಿದ ಖಣದ ತುಂಡಿನ ಮೇಲೆ ಕಲೆ ಮೂಡಿತು. ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡಿತು. ಹಲ್ಲಿನ ಕತ್ತರಿಯಲ್ಲಿ ಕತ್ತರಿಸಿ, ಮೇಲಂಚಿಗೆ ಮಾತ್ರ ಡಬಲ್ ಟೇಪ್ ಹಾಕಿದ ಮೇಲೆ ಸರಿಹೋಯಿತು.

ಇಂಟರ್‌ವ್ಯೂಗೆ ಎರಡನ್ನೂ ಒಯ್ದೆ. ಬೊಟಿಕ್ ನಡೆಸುವ ಮೇಡಂ ಟ್ಯಾಬ್‌ನ ಪುಟಗಳನ್ನು ಸರಸರ ಸರಿಸಿ "ಚೆನ್ನಾಗಿದೆ" ಅಂದರು, ಅಷ್ಟೇ. ಫೈಲಿನ ಆರನೇ ಉಡುಪಿಗೆ ಬಂದಾಗ ಕೈ ನಿಂತಿತು. ಖಣದ ತುಂಡನ್ನು ಎತ್ತಿ, ಎರಡು ಬೆರಳ ನಡುವೆ ಮಡಚಿ ಬಿಟ್ಟರು. ಅದು ಟಪ್ಪನೆ ನೇರವಾಯಿತು.

"ಬಟ್ಟೆ ಇಷ್ಟು ಬಿರುಸಾಗಿದೆ. ನೀನು ಬಿಡಿಸಿರೋ ಲಂಗ ನೀರಿನ ಥರ ಹರೀತಿದೆ. ಹೇಗಮ್ಮ?"

ಬಾಯಿ ಕಟ್ಟಿತು. ಟ್ಯಾಬ್‌ನಲ್ಲೂ ಅದೇ ಲಂಗ ಇತ್ತು, ಶಿಫಾನ್‌ನಂತೆ ಬಳುಕುತ್ತಿತ್ತು. ಅಲ್ಲಿ ಖಣ ಬರೀ ಫೋಟೋ, ಹಾಗಾಗಿ ಸುಳ್ಳು ಗೊತ್ತಾಗಲಿಲ್ಲ. ಅದೂ ಅಲ್ಲದೆ ಖಣ ಕುಪ್ಪಸಕ್ಕೆಂದು ನೇಯುವ ಕಿರು ಅಗಲದ ಬಟ್ಟೆ. ಲಂಗದ ಅಷ್ಟು ಘೇರಿಗೆ (ಸುತ್ತಿನ ಅಗಲಕ್ಕೆ) ಎಷ್ಟು ಜೋಡಣೆ ಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಹೊಸದಾಗಿ ಮಾಡುವವರು ಕೈಫೈಲನ್ನೇ ಮೊದಲು ಮಾಡಿ. ಫ್ಯಾಷನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ನಿಫ್ಟ್‌ನ ಬಿ.ಡಿಸ್ (ವಿನ್ಯಾಸ ಪದವಿ) ಪ್ರವೇಶದ ಸಿಚುಯೇಷನ್ ಟೆಸ್ಟ್‌ನಲ್ಲೂ ಕೊಟ್ಟ ಸಾಮಾನಿನಿಂದ ಕೈಯಲ್ಲೇ ಮಾಡಿ ತೋರಿಸಬೇಕು. ಫ್ಲಾಟ್ ಸ್ಕೆಚ್ ಮತ್ತು ಬಣ್ಣದ ಬದಲಾವಣೆಗೆ ಮಾತ್ರ ಟ್ಯಾಬ್ ಇಟ್ಟುಕೊಳ್ಳಿ. ಮೇಲ್‌ಗೆ ಬೇಕಾದರೆ ಕೈಯ ಹಾಳೆಗಳನ್ನೇ ಸ್ಕ್ಯಾನ್ ಮಾಡಿ, ಬಟ್ಟೆಯ ಫೋಟೋವನ್ನು ಕಿಟಕಿ ಬೆಳಕಿನಲ್ಲಿ ಬೇರೆ ತೆಗೆದು ಸೇರಿಸಿ.

ಆರನೇ ಲಂಗ ಈಗ ಎಂಟು ಪ್ಯಾನಲ್‌ನದು. ಜೋಡಣೆಯ ಗೆರೆಗಳು ಎದ್ದು ಕಾಣುವಂತೆಯೇ ಬಿಡಿಸಿದ್ದೇನೆ.