ಗುತ್ತೂರಿಗೆ ಬರುವ ಕೈಗಾ ಕರೆಂಟು: ಮಾಲು ಗಟ್ಟಿ, ಸರಬರಾಜು ಬಿಗಿ

ಹರಿಹರದ ಪಕ್ಕದ ಗುತ್ತೂರಿನ 400 ಕೆವಿ ಸ್ಟೇಷನ್‌ಗೆ ಕೈಗಾ ಅಣುಸ್ಥಾವರದಿಂದ ನೇರ ಲೈನ್ ಇದೆ. ದಾವಣಗೆರೆಯ ಮನೆಯಲ್ಲಿ ತಿರುಗುವ ಮಿಕ್ಸಿಗೆ ಅಣು ಕರೆಂಟು ಎಷ್ಟು, ಶರಾವತಿಯದ್ದೆಷ್ಟು ಎಂದು ಬಿಡಿಸಲಾಗದು. ಗ್ರಿಡ್‌ನಲ್ಲಿ ಎಲ್ಲ ಕಲಸಿಹೋಗುತ್ತದೆ. ಆದರೂ ಕೈಗಾದ ಮಾಲನ್ನು ಬೇರೆಯಾಗಿ ತೂಗಿ ನೋಡಬಹುದು.

ಗುಣ ಒಂದೇ, ಆದರೆ ದೊಡ್ಡದು: ಕೈ ಕೊಡುವುದಿಲ್ಲ. ಚಿತ್ರದುರ್ಗದ ಗುಡ್ಡದ ಗಾಳಿಯಂತ್ರಗಳು ಮುಂಗಾರಿನಲ್ಲಿ ಭರ್ಜರಿ, ಮಾರ್ಚ್ ಹೊತ್ತಿಗೆ ಸೊರಗುತ್ತವೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಬೇಕೇ ಬೇಕು ಅನ್ನಿಸುವುದು ಆಗಲೇ. ಕೈಗಾದ ನಾಲ್ಕು ಘಟಕಗಳು, ತಲಾ 220 ಮೆಗಾವ್ಯಾಟ್, ಋತು ನೋಡುವುದಿಲ್ಲ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ನಿಲ್ಲಿಸದೆಯೇ ಇಂಧನ ಬದಲಿಸುವ ಭಾರಜಲ ರಿಯಾಕ್ಟರ್ ಆದ್ದರಿಂದ ಇದು ಸಾಧ್ಯ.

ಇಂಧನದ ಕಟ್ಟನ್ನೇ ಹತ್ತಿರದಿಂದ ನೋಡಿ. ಅರ್ಧ ಮೀಟರ್ ಉದ್ದ, ಎಂಟು ಸೆಂಟಿಮೀಟರ್ ದಪ್ಪ, 19 ಜಿರ್ಕೋನಿಯಂ ಮಿಶ್ರಲೋಹದ ಕೊಳವೆ, ಒಳಗೆ ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್ ಬಿಲ್ಲೆಗಳು. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ನಲ್ಲಿ ತಯಾರು. ರಿಯಾಕ್ಟರ್‌ನಲ್ಲಿ ಈ ಕಟ್ಟುಗಳನ್ನು ಸಾಲಾಗಿ ತುಂಬುವ 306 ಚಾನೆಲ್, ಒಂದೊಂದರಲ್ಲಿ 12 ಕಟ್ಟು. ಪೂರ್ತಿ ಶಕ್ತಿಯಲ್ಲಿ ದಿನಕ್ಕೆ ಎಂಟರಷ್ಟು ಕಟ್ಟು ಬದಲಾಗುತ್ತವೆ. ಒಂದು ಕಟ್ಟಿನಿಂದ ಹುಟ್ಟುವುದು ಹತ್ತಿರಹತ್ತಿರ ಆರೂವರೆ ಲಕ್ಷ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಉರಿಸುವ ಐನೂರು ಮನೆಗೆ ಒಂದು ವರ್ಷಕ್ಕೆ ಧಾರಾಳ.

ದೋಷ ಎರಡು. ಸಂಜೆ ಆರಕ್ಕೆ ಬೇಡಿಕೆ ಏರಿತೆಂದು ಇದನ್ನು ಜಲವಿದ್ಯುತ್ತಿನ ಹಾಗೆ ತಟ್ಟನೆ ಏರಿಸಲಾಗದು. ಇನ್ನೊಂದು, ರಿಯಾಕ್ಟರ್ ಟ್ರಿಪ್ ಆದ (ತಟ್ಟನೆ ನಿಂತ) ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸದಿದ್ದರೆ, ಇಂಧನದಲ್ಲಿನ ಅಯೋಡಿನ್ ಕ್ಷಯಿಸಿ ಹುಟ್ಟುವ ಕ್ಸೆನಾನ್, ಯುರೇನಿಯಂ ಸೀಳಲು ಬೇಕಾದ ನ್ಯೂಟ್ರಾನ್‌ಗಳನ್ನು ನುಂಗಿಹಾಕುತ್ತದೆ. ಮತ್ತೆ ಒಂದೂವರೆ ದಿನ ಕಾಯಬೇಕು. (ಊರಿನ ಟಿಸಿ ಸುಟ್ಟು ಕರೆಂಟು ಹೋದರೆ ಅದಕ್ಕೆ ಕೈಗಾವನ್ನು ಬೈಯಬೇಡಿ.)

ನಿಜವಾದ ಇಕ್ಕಟ್ಟು ಗಣಿಯಲ್ಲಿದೆ. ಕೈಗಾದ ನಾಲ್ಕೂ ಘಟಕ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಯ ಹೊರಗಿವೆ, ಹಾಗಾಗಿ ಕಜಕಿಸ್ತಾನ, ಕೆನಡಾದಿಂದ ತರಿಸಿದ ಯುರೇನಿಯಂ ಇಲ್ಲಿಗೆ ಬರುವಂತಿಲ್ಲ. ಅದು ತಪಾಸಣೆಗೆ ಒಳಪಟ್ಟ ರಾವತ್‌ಭಾಟಾ, ಕಾಕ್ರಾಪಾರದಂಥ ಸ್ಥಾವರಗಳಿಗೆ. ಕೈಗಾಕ್ಕೆ ಜಾರ್ಖಂಡಿನ ಜಾದುಗುಡ, ಆಂಧ್ರದ ತುಮ್ಮಲಪಲ್ಲಿಯಂಥ ದೇಶದೊಳಗಿನ ಗಣಿಗಳೇ ಗತಿ. ಅಲ್ಲಿನ ಅದಿರಿನಲ್ಲಿ ಯುರೇನಿಯಂ ನೂರಕ್ಕೆ 0.04ರ ಆಸುಪಾಸು, ಕೆನಡಾದ ಸಿಗಾರ್ ಲೇಕ್‌ನಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು. ಒಂದು ಕಟ್ಟಿಗಾಗಿ ನಮ್ಮವರು 35 ಟನ್‌ಗೂ ಮಿಕ್ಕಿ ಕಲ್ಲು ಪುಡಿ ಮಾಡಬೇಕು, ಅಂದರೆ ಎರಡು ಲಾರಿ ಲೋಡು. 2007–09ರಲ್ಲಿ ಇಂಧನದ ಕೊರತೆ ಬಂದಾಗ ದೇಶದ ರಿಯಾಕ್ಟರ್‌ಗಳು ಅರ್ಧ ಹೊಟ್ಟೆಯಲ್ಲಿ ಓಡಿದವು. ಕೈಗಾದ ನಾಲ್ಕನೇ ಘಟಕ ಇಂಧನಕ್ಕೆ ಕಾದು ಕಾದು ವಾಣಿಜ್ಯ ಉತ್ಪಾದನೆಗೆ ಇಳಿದದ್ದು 2011ರ ಜನವರಿಯಲ್ಲಿ.

ನಮ್ಮ ಕಡೆ ಒಂದು ತಪ್ಪು ಕಲ್ಪನೆ ಇದೆ: ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಬಾರ್ಕ್‌ನ (ಭಾಭಾ ಅಣು ಸಂಶೋಧನಾ ಕೇಂದ್ರ) ಸಂವರ್ಧನಾ ಘಟಕ, ಅಂದರೆ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಅಂಶವನ್ನು ಹೆಚ್ಚಿಸುವ ಘಟಕ, ಬಂದರೆ ಕೈಗಾಕ್ಕೆ ಅಲ್ಲಿಂದಲೇ ಇಂಧನ ಎಂದು. ಕೈಗಾ ಉರಿಸುವುದು ಸಂವರ್ಧಿಸದ, ನೈಸರ್ಗಿಕ ಯುರೇನಿಯಂ. ಎರಡಕ್ಕೂ ಸಂಬಂಧ ಇಲ್ಲ.

ಮುಂದೆ ಕೈಗಾದಲ್ಲೇ 5 ಮತ್ತು 6ನೇ ಘಟಕ, ತಲಾ 700 ಮೆಗಾವ್ಯಾಟ್. ಇವೆರಡೇ ಈಗಿನ ನಾಲ್ಕಕ್ಕಿಂತ ಹೆಚ್ಚು ಯುರೇನಿಯಂ ನುಂಗುತ್ತವೆ. ಯಾದಗಿರಿಯ ಗೋಗಿಯಲ್ಲಿ ಜಾದುಗುಡಕ್ಕಿಂತ ಗಟ್ಟಿ ಅದಿರಿದೆ, ಆದರೆ ಅಲ್ಲಿನ ರೈತರಿಗೆ ತಮ್ಮ ಅಂತರ್ಜಲದ ಚಿಂತೆ. ಹೊಸ ಘಟಕಗಳಿಗೆ ಎಷ್ಟು ಕೋಟಿ ಎಂದು ಕೇಳುವುದಕ್ಕಿಂತ ಮೊದಲು, ದಿನಕ್ಕೆ ಅರ್ಧ ಟನ್‌ಗೂ ಮೀರಿದ ಯುರೇನಿಯಂ ಯಾವ ಗಣಿಯಿಂದ ಬರುತ್ತದೆ ಎಂದು ಕೇಳಿ.