ಜಾವಾದ ಮರೂನ್ ಯಾರ ಪ್ರಿಂಟಿನಲ್ಲಿ ಸರಿ ಬಂತು?

ಹಳೇ ಗಾಡಿಗಳ ಚಿತ್ರ ಬರೆದು ಆನ್‌ಲೈನ್‌ನಲ್ಲಿ ಮಾರಬೇಕು ಅಂತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಆರ್ಡರ್ ಬಂದ ಮೇಲೆ ನಮ್ಮ ದೇಶದೊಳಗೇ ಪ್ರಿಂಟ್ ಹಾಕಿ ಕಳಿಸುವ ಸಂಸ್ಥೆಗೆ. ವಿದೇಶದ ಒಂದು ದೊಡ್ಡ ಮಾರುಕಟ್ಟೆ ತಾಣದಲ್ಲಿ ಹದಿನಾಲ್ಕು ತಿಂಗಳು, ಈ ದೇಶಿ ಸಂಸ್ಥೆಯ ಜೊತೆ ಒಂದು ವರ್ಷ, ನಡುವೆ ಮೈಸೂರಿನ ಒಂದು ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಮೂರು ತಿಂಗಳು. ಮೂರನ್ನೂ ಕೈಯಾರೆ ಮಾಡಿ ನೋಡಿದ್ದೇನೆ. ಯಾರಲ್ಲಿ ಎಷ್ಟು ಸೈಜು, ಯಾವ್ಯಾವ ವಸ್ತು ಅನ್ನುವುದೆಲ್ಲ ಅವರವರ ಪುಟದಲ್ಲೇ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನು ಬರೆಯುವುದು ಹೆಚ್ಚಾಗಿ ನಮ್ಮೂರಿನ ಗಾಡಿಗಳನ್ನು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು, 1996ರಲ್ಲಿ ಅದು ಬಾಗಿಲು ಹಾಕಿತು. ನಮ್ಮ ಮಾವನವರು ಅಲ್ಲಿ ಬಣ್ಣದ ವಿಭಾಗದಲ್ಲಿದ್ದವರು. ಜಾವಾ 250 ಬರೆದಾಗ ಗೇರಿನ ಕಡ್ಡಿಯನ್ನೇ ತಿರುಗಿಸಿ ಕಿಕ್ ಹೊಡೆಯುವ ಆ ಒಂದೇ ಲಿವರ್ ಸರಿಯಾಗಿ ಕೂತಿದೆಯಾ, ಎರಡು ಸೈಲೆನ್ಸರುಗಳ ಬಾಗು ಸರಿ ಇದೆಯಾ ಎಂದು ಮೊದಲು ನೋಡಿದವರು ಅವರೇ. ಕೊಳ್ಳುವವರೂ ಅಂಥವರೇ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ (ಯೆಜ್ಡಿಯೂ ಅದೇ ಕಾರ್ಖಾನೆಯ ಗಾಡಿ) ಅಂತ ಊರೂರಲ್ಲಿ ಗಾಡಿ ತೊಳೆದು ಸೇರುವ ಜನ. ಅವರ ಕಣ್ಣು ತಪ್ಪಿಸುವುದು ಸಾಧ್ಯವಿಲ್ಲ, ತಪ್ಪಿಸಲೂ ಬಾರದು.

ವಿದೇಶಿ ತಾಣದ ಸುಖ ದೊಡ್ಡದು. ಚಿತ್ರ ಒಂದು ಸಲ ಏರಿಸಿದರೆ ಮುಗಿಯಿತು. ಗಿರಾಕಿಯನ್ನು ಅವರೇ ಹುಡುಕುತ್ತಾರೆ, ದುಡ್ಡು ಅವರೇ ವಸೂಲಿ ಮಾಡುತ್ತಾರೆ, ಕೊಳ್ಳುವವರಿಗೆ ಹತ್ತಿರವಿರುವ ಪ್ರೆಸ್ಸಿಗೆ ಕೆಲಸ ಹಂಚುತ್ತಾರೆ. ನನ್ನ ತಕರಾರು ಶುರುವಾಗುವುದು ಈ ಕೊನೆಯ ಮಾತಿನಲ್ಲೇ.

ಧಾರವಾಡದ ಜಾವಾ ಮಾಲೀಕರೊಬ್ಬರು ಆ ತಾಣದಿಂದ ಮರೂನ್ ಜಾವಾದ ಎ3 ಪೋಸ್ಟರ್ ತರಿಸಿ, ಅದನ್ನು ತಮ್ಮ ಗಾಡಿಯ ಟ್ಯಾಂಕಿಗೆ ಒರಗಿಸಿ ಫೋಟೊ ಕಳಿಸಿದರು. ಜೊತೆಗೆ ಒಂದೇ ಸಾಲು: "ಮೇಡಂ, ನನ್ನ ಗಾಡಿ ಇಟ್ಟಿಗೆ ಬಣ್ಣದ್ದಲ್ಲ." ನಾನೂ ಒಂದು ಪ್ರತಿ ತರಿಸಿದೆ. ಮಾವನವರು ಅದನ್ನು ಕಿಟಕಿ ಹತ್ತಿರ ಒಯ್ದು, ಬೆಳಕಿಗೆ ಹಿಡಿದು, "ಇದು ಕಾವಿ. ನಮ್ಮ ಬಣ್ಣ ಅಲ್ಲ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗುವುದು ಇಷ್ಟು. ಪರದೆಯ ಮೇಲಿನ ಮರೂನ್ ಬೆಳಕಿನದ್ದು, ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಬೆರಕೆ. ಕಾಗದದ ಮೇಲೆ ಅದನ್ನು ಶಾಯಿಗಳಿಂದ ಕಟ್ಟಬೇಕು. ಜಾವಾದ ಮರೂನಿಗೆ ಮೆಜೆಂಟಾ, ಅಂದರೆ ಕಡು ಗುಲಾಬಿ ಶಾಯಿ, ಜೋರಾಗಿರಬೇಕು. ಯಂತ್ರ ತನ್ನಷ್ಟಕ್ಕೆ ಬಣ್ಣ ಬದಲಿಸುವಾಗ ಹಳದಿಯೂ ಕಪ್ಪೂ ಸ್ವಲ್ಪ ಮೇಲುಗೈ ಪಡೆದರೆ ಸಾಕು, ಕಂದಿಗೆ ತಿರುಗುತ್ತದೆ. ಕ್ರೋಮಿನ ಬೂದು, ಟೈರಿನ ಕಪ್ಪು, ಎಲ್ಲ ಚೆನ್ನಾಗಿಯೇ ಬರುತ್ತವೆ, ಕೆಡುವುದು ಅದೊಂದೇ. ಬೆಟ್ಟದ ಚಿತ್ರವಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ತನ್ನ ಟ್ಯಾಂಕಿನ ಬಣ್ಣ ಕೂಡಿಸಲು ಪೇಂಟರ್ ಮನೆಗೆ ನಾಲ್ಕು ಸಲ ಅಲೆದವನಿಗೆ ಇದು ಚಿಕ್ಕ ವಿಷಯವಲ್ಲ.

ಆಮೇಲೆ ಒಂದು ಉಪಾಯ ಮಾಡಿದೆ, ಯಾರು ಬೇಕಾದರೂ ಮಾಡಬಹುದು. ಒಂದು ಎ3 ಹಾಳೆಯಲ್ಲಿ ಇಪ್ಪತ್ನಾಲ್ಕು ಚೌಕ ಹಾಕಿದೆ. ಪ್ರತಿಯೊಂದರಲ್ಲೂ ಮರೂನೇ, ಆದರೆ ಒಂದರಲ್ಲಿ ಹಳದಿ ಕಡಿಮೆ, ಇನ್ನೊಂದರಲ್ಲಿ ತುಸು ತಿಳಿ, ಹೀಗೆ. ಚೌಕದ ಕೆಳಗೆ ಅದರ ನಂಬರು. ಆ ಹಾಳೆಯನ್ನೇ ಬೇರೆಯವರಿಗೆ ಕಾಣದಂತೆ ಪೋಸ್ಟರ್ ಆಗಿ ಏರಿಸಿ ಎರಡೂ ಕಡೆಯಿಂದ ತರಿಸಿದೆ. ದೇಶಿ ಸಂಸ್ಥೆಯ ಹಾಳೆ ಆರು ದಿನಕ್ಕೆ ಮನೆಗೆ ಬಂತು. ಮಾವನವರು 17ನೇ ಚೌಕದ ಮೇಲೆ ಬೆರಳಿಟ್ಟರು. ತಿಂಗಳು ಬಿಟ್ಟು ಮತ್ತೆ ತರಿಸಿದೆ, ಆಗಲೂ 17 ಹಾಗೇ ಇತ್ತು. ವಿದೇಶಿ ತಾಣದಿಂದಲೂ ಎರಡು ಸಲ ತರಿಸಿದೆ. ಎರಡೂ ಬೇರೆ ಬೇರೆ ಪ್ರೆಸ್ಸಿನಿಂದ ಬಂದವು. ಒಂದರಲ್ಲಿ 17 ಚೆನ್ನಾಗಿದ್ದರೆ ಇನ್ನೊಂದರಲ್ಲಿ ಅದೇ 17 ನೇರಳೆಗೆ ವಾಲಿತ್ತು. ಇನ್ನು ಯಾವ ನಂಬರನ್ನು ಹಿಡಿದು ಫೈಲು ತಿದ್ದಲಿ? ಒಂದು ಸ್ಯಾಂಪಲ್ಲಿನ ಸಾಗಣೆ ಖರ್ಚಿಗೇ ಮೂರು ಪೋಸ್ಟರಿನ ಲಾಭ ಹೋಗುತ್ತದೆ. ಬರೆದು ಕೇಳಿದರೆ, ಬಣ್ಣದಲ್ಲಿ ಅಲ್ಪ ವ್ಯತ್ಯಾಸ ಸಹಜ ಎಂಬ ಉತ್ತರ ಬಂತು. ಧಾರವಾಡದವರಿಗೆ ಹಣ ವಾಪಸಾಯಿತು, ಅವರು ಮಾತ್ರ ಮತ್ತೆ ಕೊಳ್ಳಲಿಲ್ಲ.

ಟೀ ಶರ್ಟ್: ಹತ್ತಿ ಬಟ್ಟೆಗೆ ನೇರ ಶಾಯಿ ಹಾಕುವ ಡಿಟಿಜಿಯಲ್ಲಿ ಬಟ್ಟೆ ಶಾಯಿ ಕುಡಿದು ಬಣ್ಣ ಮಂಕಾಗುತ್ತದೆ, ಆದರೆ ಕೈಗೆ ಮೆತ್ತಗಿರುತ್ತದೆ. ಫಿಲ್ಮಿನಿಂದ ಒತ್ತುವ ಡಿಟಿಎಫ್‌ನಲ್ಲಿ ಬಣ್ಣ ಗಟ್ಟಿ, ಎದೆಯ ಮೇಲೆ ಮಾತ್ರ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ. ಚಕ್ರದ ಕಡ್ಡಿಗಳನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣದಾಗಿ ಬರೆದರೆ ಡಿಟಿಎಫ್‌ನಲ್ಲಿ ನಿಲ್ಲುವುದಿಲ್ಲ. ನನ್ನ ಮೊದಲ ಶರ್ಟಿನ ಮುಂದಿನ ಚಕ್ರದಲ್ಲಿ ಅರ್ಧ ಕಡ್ಡಿಗಳು ಒಗೆತದಲ್ಲೇ ಹೋದವು. ಈಗ ಶರ್ಟಿಗೆ ಅಂತಲೇ ಕಡ್ಡಿ ದಪ್ಪ ಮಾಡಿದ ಬೇರೆ ಫೈಲು ಇಟ್ಟಿದ್ದೇನೆ.

ಮಗ್ಗು ಬೇಡ. ಉದ್ದನೆಯ ಗಾಡಿ ಸುತ್ತಿಕೊಂಡು ಹೋಗಿ ಚಕ್ರ ಹಿಡಿಯ ಹಿಂದೆ ಅಡಗುತ್ತದೆ.

ಹೆಸರಿನ ವಿಷಯ ಮಾತ್ರ ಎಲ್ಲರೂ ಗಮನಿಸಬೇಕು. ಕಾರ್ಖಾನೆ ಮುಚ್ಚಿದೆ, ಹೆಸರು ಅನಾಥ ಅಂದುಕೊಳ್ಳಬೇಡಿ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಶೀರ್ಷಿಕೆಯಲ್ಲಿ ಕಂಪನಿ ಹೆಸರು ಹಾಕಿದ ನನ್ನ ಎರಡು ಚಿತ್ರಗಳನ್ನು ವಿದೇಶಿ ತಾಣ ತೆಗೆದುಹಾಕಿತು. ಅದು ಅವರ ತಪ್ಪು ಅನ್ನಲಾರೆ. ಈಗ ಟ್ಯಾಂಕಿನ ಲಾಂಛನ ಬರೆಯುವುದಿಲ್ಲ, "ಮೈಸೂರಿನ ಎರಡು ಸೈಲೆನ್ಸರ್ ಗಾಡಿ" ಎಂದಷ್ಟೇ ಬರೆಯುತ್ತೇನೆ. ಹೆಸರಿಲ್ಲದಿದ್ದರೆ ಆ ತಾಣದಲ್ಲಿ ಹುಡುಕಿದವರಿಗೆ ಸಿಗುವುದೇ ಇಲ್ಲ. ಗಿರಾಕಿಯನ್ನು ಅವರೇ ತರುತ್ತಾರೆ ಅನ್ನುವ ಲಾಭ ಹೀಗೆ ಅರ್ಧವಾಯಿತು. ದೇಶಿ ಸಂಸ್ಥೆಯ ಜೊತೆ ಅಂಗಡಿ ನನ್ನದೇ ಆದ್ದರಿಂದ ಕೊಂಡಿ ನಾನೇ ಕಳಿಸುತ್ತೇನೆ, ಚಿತ್ರ ನೋಡಿದವರಿಗೆ ಯಾವ ಗಾಡಿ ಅಂತ ಹೇಳಬೇಕಾಗಿಲ್ಲ.

ದುಡ್ಡು: ವಿದೇಶಿ ತಾಣದಲ್ಲಿ ಮೂಲ ಬೆಲೆಯ ಮೇಲೆ ನಾನು ಶೇ. 20 ಇಟ್ಟುಕೊಂಡಿದ್ದೆ. ಅದಕ್ಕಿಂತ ಏರಿಸಿದರೆ ಇಲ್ಲಿನವರಿಗೆ ಬೆಲೆ ಎಟುಕುವುದಿಲ್ಲ. ದೇಶಿ ಸಂಸ್ಥೆಯಲ್ಲಿ 549 ರೂಪಾಯಿಯ ಪೋಸ್ಟರಿನಲ್ಲಿ ಪ್ರಿಂಟು, ಕೊಳವೆ ಪ್ಯಾಕಿಂಗ್, ಕೊರಿಯರ್ ಕಳೆದು ಸುಮಾರು 230 ಉಳಿಯುತ್ತದೆ. ಆದರೆ ಸರಕು ಹೊರರಾಜ್ಯಕ್ಕೂ ಹೋಗುವುದರಿಂದ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಯಿತು, ಲೆಕ್ಕ ಒಪ್ಪಿಸುವ ಕೆಲಸ ತಪ್ಪದು.

ಊರಿನ ಪ್ರಿಂಟ್ ಅಂಗಡಿಯವರ ಕೆಲಸವೇ ಮೂರರಲ್ಲೂ ಚೆಂದ. 300 ಜಿಎಸ್‌ಎಂನ ದಪ್ಪ ಕಾಗದ, ಎದುರಿಗೆ ನಿಂತು ಬಣ್ಣ ತಿದ್ದಿಸಬಹುದು. ಆದರೆ ಪ್ಯಾಕಿಂಗ್, ಅಂಚೆ, ವಿಳಾಸ ಬರೆಯುವುದು ಎಲ್ಲ ನನ್ನದೇ. ನಾನು ಹಗಲು ಕೆಲಸಕ್ಕೆ ಹೋಗುವವಳು. ಮಗಳು ಮಲಗಿದ ಮೇಲೆ ಸಿಗುವ ಎರಡು ಗಂಟೆಯಲ್ಲಿ ಚಿತ್ರ ಬರೆಯಬೇಕು, ಕೊಳವೆಗೆ ಟೇಪು ಸುತ್ತುತ್ತಾ ಕೂರಲಾರೆ. ದಿನವಿಡೀ ಮನೆಯಲ್ಲಿದ್ದು, ಊರಿನ ಗಿರಾಕಿಗಳೇ ಸಾಕು ಎನ್ನುವವರು ಕಣ್ಣು ಮುಚ್ಚಿ ಅಲ್ಲಿಗೇ ಹೋಗಬಹುದು. ಸ್ಯಾಂಪಲ್ಲಿಗೆ ನಾನು ಎತ್ತಿಟ್ಟದ್ದು 3,500 ರೂಪಾಯಿ, ಅಷ್ಟರಲ್ಲಿ ಬಣ್ಣ ಹದಕ್ಕೆ ಬಂದದ್ದು ದೇಶಿ ಸಂಸ್ಥೆಯಲ್ಲಿ ಮಾತ್ರ.

ವಿದೇಶಿ ತಾಣವನ್ನು ಪೂರ್ತಿ ಮುಚ್ಚಿಲ್ಲ. ಅಲ್ಲಿ ಈಗ ಕಪ್ಪು ಗೆರೆಯ ಚಿತ್ರಗಳು ಮಾತ್ರ ಇವೆ: ಅಂಬಾಸಿಡರ್, ಪದ್ಮಿನಿ ಕಾರುಗಳು, ಜಾವಾದ ಇಂಜಿನ್. ಕಪ್ಪು ಯಾವ ಪ್ರೆಸ್ಸಿನಲ್ಲೂ ಕಪ್ಪೇ. ಇಂಜಿನ್ ಚಿತ್ರಕ್ಕೆ ಜಾವಾದ ತವರಾದ ಜೆಕ್ ದೇಶದಿಂದ ಎರಡು ಆರ್ಡರ್ ಬಂದಾಗ ಮನೆಯಲ್ಲಿ ಎಲ್ಲರಿಗೂ ತೋರಿಸಿದೆ.

ಜುಲೈಗೆ ಯೆಜ್ಡಿಯ ಕೆಂಪು ರೋಡ್‌ಕಿಂಗ್ ಚಿತ್ರ ಸಿದ್ಧವಾಗಬೇಕು. ಚೌಕಗಳ ಹೊಸ ಹಾಳೆ ನಿನ್ನೆ ಬಂತು. ಮಾವನವರು ಅದನ್ನು ಕಿಟಕಿಗೆ ಕ್ಲಿಪ್ ಹಾಕಿ, 9 ಮತ್ತು 11ರ ನಡುವೆ ಇನ್ನೂ ನೋಡುತ್ತಿದ್ದಾರೆ.