ಕುಡ್ಲೆಯ ಗುಡಿಸಲೋ, ಗೋಕರ್ಣ ಪೇಟೆಯ ರೂಮೋ?

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಪೇಟೆಯ ರೂಮಿಗೆ. ನಾವು ನಾಲ್ವರು ಗೆಳೆಯರು ಗೋಕರ್ಣಕ್ಕೆ ಎರಡು ಸಲ ಹೋದೆವು. ಮೊದಲ ಸಲ ಕುಡ್ಲೆ ಬೀಚಿನ ಗುಡಿಸಲು, ಎರಡನೇ ಸಲ ರಥಬೀದಿ ಹತ್ತಿರದ ಓಣಿಯಲ್ಲಿ ಒಂದು ಮನೆಯ ಮಹಡಿ. ಸಂಜೆಗೆ ಕುಡ್ಲೆಯೇ ಸರಿ, ತಕರಾರಿಲ್ಲ. ನನ್ನ ತಕರಾರೆಲ್ಲ ಬೆಳಿಗ್ಗೆಯದ್ದು.

ನನಗೆ ಐದೂವರೆಗೆ ಎಚ್ಚರವಾಗುತ್ತೆ. ಅರ್ಧ ಗಂಟೆಯೊಳಗೆ ಚಹಾ ಗಂಟಲಿಗೆ ಇಳಿಯದಿದ್ದರೆ ತಲೆ ಸಿಡಿಯೋಕೆ ಶುರು. ಮೊದಲ ದಿನ ಅಡುಗೆಮನೆ ಕಡೆ ಹೋಗಿ ನೋಡಿದರೆ, ಹುಡುಗ ಎರಡು ಬೆಂಚು ಜೋಡಿಸಿ, ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದ್ದ. ಹಿಂದಿನ ರಾತ್ರಿ ಹನ್ನೆರಡರ ತನಕ ನಮಗೇ ಬಡಿಸಿದವನು, ಎಬ್ಬಿಸೋಕೆ ಮನಸ್ಸಾಗಲಿಲ್ಲ. ಎರಡನೇ ದಿನ ಬೇಕಂತಲೇ ಕುರ್ಚಿ ಎಳೆದೆ, ಕೆಮ್ಮಿದೆ. ಪರದೆಯೊಳಗಿಂದಲೇ, “ಅಣ್ಣಾ, ಹಾಲು ಬರೂದೇ ಎಂಟರ ಮೇಲೆ” ಅಂದ.

ಮೂರನೇ ದಿನ ಮೆಟ್ಟಿಲು ಹತ್ತಿ, ಗುಡ್ಡ ದಾಟಿ, ಪೇಟೆಗೇ ನಡೆದೆ. ಸಣ್ಣ ಹೋಟೆಲೊಂದರಲ್ಲಿ ಚಹಾ, ಜೊತೆಗೆ ಆಗಷ್ಟೇ ಎಣ್ಣೆಯಿಂದ ತೆಗೆದ ಬನ್ಸ್. ಮುರಿದರೆ ಬಾಳೆಹಣ್ಣಿನ ಘಮದ ಹಬೆ ಮುಖಕ್ಕೇ ಬಡಿಯಿತು. ಉಳಿದವರಿಗೂ ಆರು ಕಟ್ಟಿಸಿಕೊಂಡು ಹೊರಟೆ. ವಾಪಸ್ ಮುಟ್ಟುವಷ್ಟರಲ್ಲಿ ಬೆವರಿಗೆ ಅಂಗಿ ಒದ್ದೆ, ಬನ್ಸ್ ತಣ್ಣಗಾಗಿ ಪೇಪರಿಗೆ ಅಂಟಿತ್ತು, ಮೂವರೂ ಗೊರಕೆ ಹೊಡೆಯುತ್ತಿದ್ದರು.

ಇನ್ನು ಗುಡಿಸಲ ನಲ್ಲಿ ನೀರು ಸವಳು, ಸೋಪು ನೊರೆಯೇ ಬರುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕುಡ್ಲೆ ಗೆಲ್ಲುತ್ತೆ. ಬೆನ್ನಿಗೇ ಗುಡ್ಡ ಇರೋದರಿಂದ ಬಿಸಿಲು ತಡವಾಗಿ ಬೀಳುತ್ತೆ, ಎದ್ದವನಿಗೆ ತಣ್ಣನೆ ಮರಳಿನ ಮೇಲೆ ಆರಾಮಾಗಿ ನಡೆಯಬಹುದು. ಬಂಡೆಗಳ ಮೇಲಿನ ದಾರಿ ಹಿಡಿದರೆ ಓಂ ಬೀಚೂ ಹತ್ತಿರ. (ಸಮುದ್ರದಲ್ಲಿ ಸೂರ್ಯ ಹುಟ್ಟೋದು ನೋಡ್ತೀನಿ ಅಂತ ಅಲಾರಂ ಇಟ್ಟ ಪುಣ್ಯಾತ್ಮನೊಬ್ಬ ನಮ್ಮಲ್ಲಿದ್ದ. ಪಡುವಣ ಕಡಲು ಮಾರಾಯ, ಅಲ್ಲಿ ಮುಳುಗೋದೊಂದೇ!)

ಪೇಟೆಯಲ್ಲಿ ಆರು ಗಂಟೆಗೆಲ್ಲ ಬೀದಿಗೆ ಜೀವ ಬಂದಿರುತ್ತೆ. ಕಡಲಲ್ಲಿ ಮುಳುಗೆದ್ದ ಯಾತ್ರಿಕರು ಒದ್ದೆ ಬಟ್ಟೆಯಲ್ಲೇ ಮಹಾಬಲೇಶ್ವರ ದೇವಸ್ಥಾನದ ಕಡೆ ಹೋಗುತ್ತಿರುತ್ತಾರೆ, ಹೂವಿನ ಬುಟ್ಟಿಗಳು ಆಗಲೇ ಬಂದು ಕೂತಿರುತ್ತವೆ. ನಾನು ಎರಡನೇ ಚಹಾ ಮುಗಿಸಿ ಕೋಟಿತೀರ್ಥದ ಕಲ್ಯಾಣಿಗೆ ಒಂದು ಸುತ್ತು ಹಾಕಿ ಬಂದರೂ ಏಳು ಆಗಿರುತ್ತಿರಲಿಲ್ಲ. ನಾಲ್ವರಿಗೆ ಒಂದೇ ಬಚ್ಚಲು ಅನ್ನೋದು ಕಷ್ಟವೇ, ಆದರೆ ಮೊದಲು ಏಳುವವನು ನಾನಾದ್ದರಿಂದ ನನಗೇನೂ ಬಿಸಿ ತಟ್ಟಲಿಲ್ಲ.

ದುಡ್ಡಿನ ಲೆಕ್ಕ: ಕುಡ್ಲೆಯಲ್ಲಿ ಎರಡು ಗುಡಿಸಲಿಗೆ ದಿನಕ್ಕೆ 2,400 ಕೊಟ್ಟೆವು, ಮಹಡಿಗೆ 1,600. ಉಳಿದ 800 ಓಂ ಬೀಚಿನ ಆಟೋಗೆ, ಮೀನೂಟಕ್ಕೆ ಆಯಿತು.

ಮುಂದಿನ ಸಲವೂ ಕುಡ್ಲೆಯೇ ಬೇಕು ಅಂತ ಆ ಮೂವರ ಹಟ. ಇರಲಿ ಬಿಡಿ. ನಾನು ಪೇಟೆಯಲ್ಲಿ ಒಂಟಿ ರೂಮು ಹಿಡೀತೀನಿ. ಬಿಸಿ ಬನ್ಸ್ ಬೇಕಾದವರು ಗುಡ್ಡ ಹತ್ತಿ ಬರಲಿ.